ಸೀಟು ಸಿಕ್ಕ ಮೇಲಿನ ಲೆಕ್ಕ: ಸುಖದೇವ್ ಥೋರಟ್ ಅವರ ಅಧ್ಯಯನ ಮತ್ತು ವಿಜಯಪುರ ಸೀಮೆಯ ಉನ್ನತ ಶಿಕ್ಷಣ

ಉನ್ನತ ಶಿಕ್ಷಣದಲ್ಲಿ ಸಮಾನತೆ ಎಂಬ ವಿಷಯ ಭಾರತದಲ್ಲಿ ಬಹುಕಾಲ ಪ್ರವೇಶದ ಸುತ್ತಲೇ ಸುತ್ತಿತು. ಯಾವ ಸಮುದಾಯಕ್ಕೆ ಶೇಕಡಾ ಎಷ್ಟು ಸೀಟು, ಯಾರ ಪಾಲು ಹೆಚ್ಚಿತು, ಯಾರದು ತಗ್ಗಿತು ಎಂಬಲ್ಲಿ ಶುರುವಾದ ಮಾತು ನ್ಯಾಯಾಲಯದ ತೀರ್ಪಿನಲ್ಲೋ ಸರ್ಕಾರದ ಆದೇಶದಲ್ಲೋ ಬಂದು ನಿಲ್ಲುತ್ತಿತ್ತೇ ಹೊರತು, ಸೀಟು ಪಡೆದ ವಿದ್ಯಾರ್ಥಿ ತರಗತಿಯಲ್ಲಿ, ವಸತಿನಿಲಯದಲ್ಲಿ, ಮೌಖಿಕ ಪರೀಕ್ಷೆಯಲ್ಲಿ, ಕೊನೆಗೆ ಪದವಿ ಹಿಡಿದು ಕೆಲಸಕ್ಕೆ ಅರ್ಜಿ ಹಾಕುವ ಹೊತ್ತಿನಲ್ಲಿ ಏನನ್ನು ಎದುರಿಸುತ್ತಾನೆ ಎಂಬುದು ಅಧ್ಯಯನದ ವಸ್ತುವಾದದ್ದು ತೀರ ತಡವಾಗಿ. ಅಂಥ ಅನುಭವಗಳು ಆತ್ಮಕಥೆಗಳಲ್ಲಿ ಇದ್ದವು. ಮುದ್ದೇಬಿಹಾಳದಲ್ಲಿ ಹುಟ್ಟಿ ಮೈಸೂರು ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ವಿಜಯಪುರ ಜಿಲ್ಲೆಯಿಂದಲೇ ಬಂದ ಅಂಥದೊಂದು ದಾಖಲೆ. ಆದರೆ ಒಬ್ಬರ ನೋವನ್ನು ಆಡಳಿತವೂ ತಳ್ಳಿಹಾಕಲಾಗದ ಪುರಾವೆಯಾಗಿಸಲು ಬೇರೆ ಬಗೆಯ ಶ್ರಮ ಬೇಕಿತ್ತು. ಆ ಶ್ರಮಕ್ಕೆ ತಮ್ಮ ವೃತ್ತಿಜೀವನದ ಬಹುಭಾಗವನ್ನು ಕೊಟ್ಟವರು ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್. ಕರ್ನಾಟಕ ಸರ್ಕಾರ 2023ರಲ್ಲಿ ರಚಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗಕ್ಕೆ ಅವರೇ ಅಧ್ಯಕ್ಷರಾಗಿ, 2025ರ ಆಗಸ್ಟ್‌ನಲ್ಲಿ ವರದಿ ಒಪ್ಪಿಸಿದ್ದರಿಂದ, ಅವರ ಚಿಂತನೆ ಈಗ ವಿಜಯಪುರ, ತಿಕೋಟಾ, ಬಬಲೇಶ್ವರದ ಪದವಿ ಕಾಲೇಜುಗಳ ವೇಳಾಪಟ್ಟಿಯವರೆಗೂ ಬಂದು ಮುಟ್ಟಿದೆ.

ಥೋರಟ್ ಅವರು 1949ರಲ್ಲಿ ಮಹಾರಾಷ್ಟ್ರದ ಅಮರಾವತಿ ಜಿಲ್ಲೆಯ ಬಡ ದಲಿತ ಕುಟುಂಬವೊಂದರಲ್ಲಿ ಜನಿಸಿದರು. ಅವರು ಓದಿದ್ದು ಔರಂಗಾಬಾದಿನ ಮಿಲಿಂದ ಕಾಲೇಜಿನಲ್ಲಿ. ನಿಜಾಮನ ಆಳ್ವಿಕೆ ಮುಗಿದ ಬೆನ್ನಿಗೇ, ಮರಾಠವಾಡದಂಥ ಬರಡು ಸೀಮೆಯ ದಲಿತ ಮಕ್ಕಳಿಗೆ ಕಾಲೇಜು ಶಿಕ್ಷಣ ಕೈಗೆಟುಕಲೆಂದು ಡಾ. ಬಿ.ಆರ್. ಅಂಬೇಡ್ಕರ್ ಅವರು ತಮ್ಮ ಪೀಪಲ್ಸ್ ಎಜುಕೇಶನ್ ಸೊಸೈಟಿಯ ಮೂಲಕ 1950ರಲ್ಲಿ ಸ್ಥಾಪಿಸಿದ ಕಾಲೇಜು ಅದು. ಮುಂದೆ ದೆಹಲಿಯ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದ ಥೋರಟ್, ಮೊದಲು ಕೃಷಿ ಮತ್ತು ಗ್ರಾಮೀಣ ಬಡತನದ ಅಧ್ಯಯನದಲ್ಲಿ ತೊಡಗಿದ್ದವರು. ಒಂದೇ ಊರಿನಲ್ಲಿ, ಒಂದೇ ಮಳೆಯ ಕೆಳಗೆ ಬದುಕುವ ಕುಟುಂಬಗಳಲ್ಲಿ ಬಡತನವೇಕೆ ಜಾತಿಯ ಗೆರೆ ಹಿಡಿದು ಸಾಗುತ್ತದೆ ಎಂಬ ಪ್ರಶ್ನೆ ಅವರನ್ನು ತಾರತಮ್ಯದ ಅರ್ಥಶಾಸ್ತ್ರದ ಕಡೆಗೆ ಕರೆದೊಯ್ದಿತು. ಆ ಶಾಸ್ತ್ರದಲ್ಲಿ ಎರಡು ನಿಲುವುಗಳಿದ್ದವು. ಅಮೆರಿಕದ ಗ್ಯಾರಿ ಬೆಕರ್ 1957ರ ತಮ್ಮ ಗ್ರಂಥದಲ್ಲಿ, ಬಣ್ಣ ನೋಡಿ ಕೆಲಸ ಕೊಡುವ ಮಾಲೀಕ ಒಳ್ಳೆಯ ಕೆಲಸಗಾರರನ್ನು ಕಳೆದುಕೊಂಡು ನಷ್ಟ ಅನುಭವಿಸುತ್ತಾನಾದ್ದರಿಂದ ಮಾರುಕಟ್ಟೆಯ ಪೈಪೋಟಿಯೇ ಕ್ರಮೇಣ ತಾರತಮ್ಯವನ್ನು ಸವೆಸುತ್ತದೆ ಎಂಬರ್ಥದ ವಾದಕ್ಕೆ ತಳಹದಿ ಹಾಕಿದರು. ಜಾರ್ಜ್ ಅಕರ್‌ಲಾಫ್ 1976ರಲ್ಲಿ ಭಾರತದ ಜಾತಿಯನ್ನೇ ಮಾದರಿಯಾಗಿಟ್ಟುಕೊಂಡು, ಕಟ್ಟಳೆ ಮುರಿದವನಿಗೆ ಬಹಿಷ್ಕಾರದ ಭಯವಿರುವ ಸಮಾಜದಲ್ಲಿ ಮಾರುಕಟ್ಟೆ ತಾರತಮ್ಯವನ್ನು ಅಳಿಸದೆ ಉಳಿಸಿಕೊಳ್ಳುವುದೂ ಸಾಧ್ಯವೆಂದು ತೋರಿಸಿದರು. ಥೋರಟ್ ಈ ಎರಡನೆಯ ದಾರಿಯನ್ನು ಹಿಡಿದು, ಅದಕ್ಕೆ ಬೇಕಾದ ಅಂಕಿಅಂಶಗಳನ್ನು ಭಾರತದ ನೆಲದಿಂದ ಕಲೆಹಾಕಿದರು. 2003ರಲ್ಲಿ ಆರಂಭವಾದ ಭಾರತೀಯ ದಲಿತ ಅಧ್ಯಯನ ಸಂಸ್ಥೆ ಆ ಕೆಲಸದ ನೆಲೆಯಾಯಿತು.

ಅವರ ಅಧ್ಯಯನಗಳಲ್ಲಿ ಹೆಚ್ಚು ಹೆಸರಾದದ್ದು ನ್ಯೂಯಾರ್ಕಿನ ಸಮಾಜಶಾಸ್ತ್ರಜ್ಞ ಪಾಲ್ ಅಟ್ಟೆವೆಲ್ ಅವರೊಡನೆ ನಡೆಸಿ 2007ರಲ್ಲಿ ಪ್ರಕಟಿಸಿದ ಅರ್ಜಿಗಳ ಪ್ರಯೋಗ. ಅದರ ಕ್ರಮವನ್ನು ತುಸು ವಿವರವಾಗಿ ನೋಡಬೇಕು, ಏಕೆಂದರೆ ಅದರ ಬಲವೆಲ್ಲ ಇರುವುದು ಕ್ರಮದಲ್ಲಿಯೇ. ಇಂಗ್ಲಿಷ್ ಪತ್ರಿಕೆಗಳಲ್ಲಿ ಖಾಸಗಿ ಕಂಪನಿಗಳು ಕೊಟ್ಟ ಉದ್ಯೋಗ ಜಾಹೀರಾತುಗಳನ್ನು 66 ವಾರ ಕಾಲ ಆರಿಸಿಕೊಂಡು, ಪ್ರತಿಯೊಂದಕ್ಕೂ ವಿದ್ಯಾರ್ಹತೆ, ಅಂಕ, ಅನುಭವಗಳಲ್ಲಿ ಸರಿಸಮನಾದ ಹಲವು ಅರ್ಜಿಗಳನ್ನು ಅಂಚೆಯಲ್ಲಿ ಕಳಿಸಲಾಯಿತು. ಒಂದರಲ್ಲಿ ಮೇಲ್ಜಾತಿಯ ಹಿಂದೂ ಎಂದು ಥಟ್ಟನೆ ತಿಳಿಯುವ ಹೆಸರು, ಇನ್ನೊಂದರಲ್ಲಿ ದಲಿತರದೆಂದು ಗುರುತು ಹತ್ತುವ ಅಡ್ಡಹೆಸರು, ಮತ್ತೊಂದರಲ್ಲಿ ಮುಸ್ಲಿಂ ಹೆಸರು. ಜಾತಿ ಧರ್ಮಗಳ ಬಗ್ಗೆ ಅರ್ಜಿಯಲ್ಲಿ ಬೇರೇನೂ ಇರಲಿಲ್ಲ. 548 ಜಾಹೀರಾತುಗಳಿಗೆ ಹೋದ 4808 ಅರ್ಜಿಗಳಲ್ಲಿ ಯಾವುದಕ್ಕೆ ಸಂದರ್ಶನದ ಕರೆ ಬಂತೆಂದು ಲೆಕ್ಕ ಹಾಕಿದಾಗ, ಮೇಲ್ಜಾತಿ ಹೆಸರಿನವರಿಗೆ ಕರೆ ಬರುವ ಸಂಭವವನ್ನು 1 ಎಂದಿಟ್ಟುಕೊಂಡರೆ ದಲಿತ ಹೆಸರಿನವರ ಸಂಭವ 0.67, ಮುಸ್ಲಿಂ ಹೆಸರಿನವರದು 0.33 ಎಂದು ಕಂಡುಬಂತು. ಅರ್ಜಿ ತೆರೆದವರು ಅಭ್ಯರ್ಥಿಯ ಮುಖ ನೋಡಿರಲಿಲ್ಲ, ಮಾತು ಕೇಳಿರಲಿಲ್ಲ; ಅವರ ಮುಂದೆ ಇದ್ದದ್ದು ಹೆಸರೊಂದೇ. ಪ್ರತಿಭೆಯ ಕೊರತೆ ಎಂಬ ಸಮಜಾಯಿಷಿಗೆ ಈ ಪ್ರಯೋಗ ಎಡೆಯನ್ನೇ ಕೊಡಲಿಲ್ಲ.

ಈ ವಿಧಾನ ಹುಟ್ಟಿದ್ದು ಬಣ್ಣದ ತಾರತಮ್ಯದ ಅಧ್ಯಯನದಲ್ಲಿ; ಆ ಅಧ್ಯಯನವಾದರೋ ಇನ್ನೂ ಹಳೆಯದು. 1895ರಲ್ಲಿ ಹಾರ್ವರ್ಡ್‌ನಿಂದ ಪಿಎಚ್.ಡಿ. ಪಡೆದ ಮೊದಲ ಕಪ್ಪು ಅಮೆರಿಕನ್ನರಾದ ಡಬ್ಲ್ಯು.ಇ.ಬಿ. ಡುಬಾಯ್ಸ್ ಅವರು 1900ರಷ್ಟು ಹಿಂದೆಯೇ ಅಟ್ಲಾಂಟಾ ವಿಶ್ವವಿದ್ಯಾಲಯದಿಂದ, ಕಾಲೇಜು ಮುಗಿಸಿದ ಕಪ್ಪು ಜನ ಮುಂದೆ ಏನಾದರು ಎಂಬ ಸಮೀಕ್ಷೆಯನ್ನು ಹೊರತಂದಿದ್ದರು. ಅಂಬೇಡ್ಕರ್ ಅವರು 1946ರಲ್ಲಿ ಇದೇ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಸಲ್ಲಿಸಿದ ಮನವಿಯ ಪ್ರತಿಯನ್ನು ಕೇಳಿದ್ದು ದಾಖಲಾಗಿದೆ. ಜಾತಿಯನ್ನೂ ಜನಾಂಗವನ್ನೂ ಒಂದೇ ಎನ್ನಲಾಗದು. ಬಣ್ಣ ಕಣ್ಣಿಗೆ ಕಾಣುತ್ತದೆ, ಜಾತಿಯನ್ನು ಹೆಸರಿನಿಂದ, ಊರಿನಿಂದ, ಓಣಿಯಿಂದ ಕೆದಕಿ ತಿಳಿಯಬೇಕಾಗುತ್ತದೆ. ಆದರೆ ಹುಟ್ಟಿನಿಂದ ಬಂದ ಗುರುತೊಂದು ಓದಿನ ಫಲವನ್ನು ಹೇಗೆ ಕಡಿಮೆ ಮಾಡುತ್ತದೆಂದು ಅಳೆಯುವ ಕ್ರಮ ಎರಡಕ್ಕೂ ಒಪ್ಪುತ್ತದೆ. ಥೋರಟ್ ಅವರು ಪ್ರಿನ್ಸ್‌ಟನ್ನಿನ ಕ್ಯಾಥರಿನ್ ನ್ಯೂಮನ್ ಅವರೊಡನೆ ಸಂಪಾದಿಸಿದ 2010ರ ‘ಬ್ಲಾಕ್ಡ್ ಬೈ ಕಾಸ್ಟ್’ ಗ್ರಂಥ ಈ ಸಹಯೋಗದ ಫಲ.

ಕಾಲೇಜಿನ ಒಳಗಿನ ಬದುಕನ್ನು ಅವರು ಪರಿಶೀಲಿಸಿದ್ದು ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ. ಪರಿಶಿಷ್ಟ ಜಾತಿ ಮತ್ತು ಪಂಗಡದ ವಿದ್ಯಾರ್ಥಿಗಳನ್ನು ಅಲ್ಲಿ ಬೇರೆಯಾಗಿ ಕಾಣಲಾಗುತ್ತಿದೆ ಎಂಬ ದೂರಿನ ವಿಚಾರಣೆಗೆ 2006ರಲ್ಲಿ ಸರ್ಕಾರ ರಚಿಸಿದ ಸಮಿತಿಗೆ ಥೋರಟ್ ಅಧ್ಯಕ್ಷರಾಗಿದ್ದರು. 2007ರಲ್ಲಿ ವರದಿ ಬಂತು. ಪಾಠ ಹೇಳುವವರ ನಿರಾಸಕ್ತಿ, ಪ್ರಾಯೋಗಿಕ ಹಾಗೂ ಮೌಖಿಕ ಪರೀಕ್ಷೆಯಲ್ಲಿ ಜಾತಿ ಕೆದಕುವ ಪ್ರಶ್ನೆಗಳು, ಕಿರುಕುಳ ತಾಳದೆ ವಿದ್ಯಾರ್ಥಿಗಳು ಕೋಣೆ ಬದಲಿಸಿ ವಸತಿನಿಲಯದ ಕೆಲವೇ ಮಹಡಿಗಳಲ್ಲಿ ಒತ್ತಾಗಿ ಸೇರಿಕೊಂಡದ್ದು, ಆಟದಿಂದಲೂ ಸಾಂಸ್ಕೃತಿಕ ಚಟುವಟಿಕೆಯಿಂದಲೂ ಅವರು ದೂರ ಉಳಿದದ್ದು, ಇವೆಲ್ಲ ಅದರಲ್ಲಿ ಸಾಲಾಗಿ ಬರುತ್ತವೆ. ಸಂಸ್ಥೆ ಈ ಆಕ್ಷೇಪಗಳನ್ನು ಒಪ್ಪಲಿಲ್ಲ. ಆದರೂ ಮೌಖಿಕ ಪರೀಕ್ಷೆ ಎಂಬ ಮುಚ್ಚಿದ ಕೋಣೆ, ಅಂದರೆ ಉತ್ತರಪತ್ರಿಕೆಯಿಲ್ಲದೆ, ಮರುಎಣಿಕೆಗೆ ಅವಕಾಶವಿಲ್ಲದೆ ಒಬ್ಬ ಪರೀಕ್ಷಕನ ಮನಸ್ಸಿನ ಮೇಲೆ ಅಂಕ ನಿಲ್ಲುವ ಜಾಗ, ಸಮಾನತೆಯ ಚರ್ಚೆಯೊಳಗೆ ಬಂದದ್ದು ಬಹುಮಟ್ಟಿಗೆ ಈ ವರದಿಯಿಂದಲೇ. ಹಳ್ಳಿಯಿಂದ ಬಂದು ವಿಜ್ಞಾನ ಓದುವ ಯಾವ ವಿದ್ಯಾರ್ಥಿಗೂ ಆ ಕೋಣೆಯ ಅಂಜಿಕೆ ಎಂಥದೆಂದು ಹೇಳಿಕೊಡಬೇಕಿಲ್ಲ.

ಇದೇ ಅವಧಿಯಲ್ಲಿ, 2006ರಿಂದ 2011ರವರೆಗೆ, ಥೋರಟ್ ವಿಶ್ವವಿದ್ಯಾಲಯ ಅನುದಾನ ಆಯೋಗದ ಅಧ್ಯಕ್ಷರಾಗಿದ್ದರು. ದಾಖಲಾತಿ ಅನುಪಾತ, ಅಂದರೆ 18ರಿಂದ 23 ವರ್ಷದ ನೂರು ಜನರಿಗೆ ಪ್ರತಿಯಾಗಿ ಕಾಲೇಜಿನಲ್ಲಿರುವವರ ಸಂಖ್ಯೆ, ರಾಷ್ಟ್ರದ ಸರಾಸರಿಗಿಂತ ಕಡಿಮೆಯಿದ್ದ 374 ಜಿಲ್ಲೆಗಳನ್ನು ಶೈಕ್ಷಣಿಕವಾಗಿ ಹಿಂದುಳಿದವೆಂದು ಗುರುತಿಸಿದ್ದು ಆಗಲೇ. ವಿಶ್ವವಿದ್ಯಾಲಯಗಳಲ್ಲಿ ಸಾಮಾಜಿಕ ಹೊರಗಿಡುವಿಕೆಯ ಅಧ್ಯಯನ ಕೇಂದ್ರಗಳು ಆರಂಭವಾದದ್ದೂ ಆಗಲೇ. ಈ ಅನುಪಾತ 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಒಟ್ಟಾರೆ 28.4, ಪರಿಶಿಷ್ಟ ಜಾತಿಯಲ್ಲಿ 25.9, ಪರಿಶಿಷ್ಟ ಪಂಗಡದಲ್ಲಿ 21.2 ಇದ್ದು, ಕರ್ನಾಟಕದ ಸರಾಸರಿ 36.2ಕ್ಕೆ ಏರಿದೆ. ಅಂತರ ಕಿರಿದಾಗಿದೆಯೆಂದು ಇದನ್ನು ಓದಬಹುದು, ಅದು ತಪ್ಪೂ ಅಲ್ಲ. ಆದರೆ ದಾಖಲಾದವರಲ್ಲಿ ಎಷ್ಟು ಜನ ಯಾವ ವಿಷಯ ಓದಿದರು, ಎಷ್ಟು ಜನ ನಡುವೆ ಬಿಟ್ಟರು, ಎಂಥ ಕಾಲೇಜಿನಿಂದ ಹೊರಬಂದರು ಎಂಬುದನ್ನು ಈ ಒಂದು ಸಂಖ್ಯೆ ಹೇಳುವುದಿಲ್ಲ.

ವಿಜಯಪುರದಲ್ಲಿ ಈ ಪ್ರಶ್ನೆಗಳಿಗೆ ದೀರ್ಘ ಇತಿಹಾಸವಿದೆ. ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದಲ್ಲಿ, 1856ರಲ್ಲಿ, ನೆರೆಯ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ ಬಾಲಕನಿಗೆ ಪ್ರವೇಶ ನಿರಾಕರಿಸಲಾಯಿತು. ಅವನು ಸರ್ಕಾರಕ್ಕೆ ಅರ್ಜಿ ಬರೆದ. ಅರ್ಜಿದಾರನ ಕಡೆ ನ್ಯಾಯವಿದೆಯೆಂದು ಒಪ್ಪಿಕೊಂಡ ಮುಂಬಯಿ ಸರ್ಕಾರ, ಅವನೊಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂಬ ಕಾರಣ ಹೇಳಿ ಕೈಚೆಲ್ಲಿತು. ಹಕ್ಕನ್ನು ಒಪ್ಪಿ ಆಚರಣೆಯನ್ನು ಮುಂದೂಡುವ ಈ ಜಾಡು ಆಮೇಲೂ ಸವೆಯಲಿಲ್ಲ. ಎಪ್ಪತ್ತು ವರ್ಷಗಳ ನಂತರ, 1928ರಲ್ಲಿ, ಪ್ರಾಂತದ ಶೋಷಿತ ವರ್ಗಗಳ ಮತ್ತು ಆದಿವಾಸಿಗಳ ಸ್ಥಿತಿ ಪರಿಶೀಲಿಸಲು ನೇಮಕವಾದ ಸಮಿತಿಯ ಅಧ್ಯಕ್ಷರಾದ ಒ.ಎಚ್.ಬಿ. ಸ್ಟಾರ್ಟ್ ಅವರು, ಅಪರಾಧಿ ಬುಡಕಟ್ಟುಗಳೆಂದು ಆಗಿನ ಕಾನೂನು ಹಣೆಪಟ್ಟಿ ಹಚ್ಚಿದ್ದ ಜನರ ವಸಾಹತುಗಳನ್ನು ವಿಜಾಪುರದಲ್ಲಿ ನೋಡಿಕೊಂಡಿದ್ದ ಅಧಿಕಾರಿ. ಅಂಬೇಡ್ಕರ್ ಸದಸ್ಯರಾಗಿದ್ದ ಆ ಸಮಿತಿ 1930ರಲ್ಲಿ ಕೊಟ್ಟ ವರದಿಯಲ್ಲಿ ವಿದ್ಯಾರ್ಥಿವೇತನ ಮತ್ತು ವಸತಿನಿಲಯಗಳಿಗೆ ಒತ್ತು ಬಿತ್ತು. ಇಂದಿನ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳ ಬೇರು ಆ ಕಾಲದ ಚಿಂತನೆಯಲ್ಲಿದೆ.

ಇದಕ್ಕೆ ಸಮಾಂತರವಾಗಿ ಸಮುದಾಯಗಳೇ ಕಟ್ಟಿಕೊಂಡ ಸಂಸ್ಥೆಗಳಿವೆ. ವಚನ ಸಾಹಿತ್ಯದ ಸಂಪಾದಕ, ವಕೀಲ ಫ.ಗು. ಹಳಕಟ್ಟಿಯವರ ಮುಂದಾಳುತನದಲ್ಲಿ 1910ರಲ್ಲಿ ಆರಂಭವಾದ ಬಿಎಲ್‌ಡಿಇ ಸಂಸ್ಥೆ ಇಂದು ಪ್ರಾಥಮಿಕ ಶಾಲೆಯಿಂದ ವೈದ್ಯಕೀಯ ಕಾಲೇಜಿನವರೆಗೆ ಹಬ್ಬಿದೆ. ಸಿಕ್ಯಾಬ್ ಸಂಸ್ಥೆ ನಗರದ ಮುಸ್ಲಿಂ ಹೆಣ್ಣುಮಕ್ಕಳ ಕಾಲೇಜು ಶಿಕ್ಷಣಕ್ಕೆ ದೊಡ್ಡ ಆಸರೆಯಾಗಿದೆ. ಈ ಸಂಸ್ಥೆಗಳಲ್ಲಿ ಎಲ್ಲ ಸಮುದಾಯದವರೂ ಓದಿ ಮುಂದೆ ಬಂದಿದ್ದಾರೆ, ಆ ಉಪಕಾರವನ್ನು ಮರೆಯಲಾಗದು. ಆದರೂ ಹೊಲ, ವ್ಯಾಪಾರ, ಮಠ, ಇವುಗಳ ಬೆಂಬಲವಿದ್ದವರು ಸ್ವಂತ ಸಂಸ್ಥೆ ಕಟ್ಟಬಲ್ಲವರಾದರು, ಅವಿಲ್ಲದ ದಲಿತ ಸಮುದಾಯಗಳು ಸರ್ಕಾರದ ಹಾಸ್ಟೆಲನ್ನೇ ನೆಚ್ಚಬೇಕಾಯಿತು. ಮರಾಠವಾಡಕ್ಕೆ ಒಂದು ಮಿಲಿಂದ ಕಾಲೇಜು ದಕ್ಕಿದಂತೆ ಈ ಸೀಮೆಗೆ ದಕ್ಕಲಿಲ್ಲ. ಥೋರಟ್ ಅವರಂಥವರನ್ನು ಬೆಳೆಸಿದ್ದು ಅವರೊಬ್ಬರ ಬುದ್ಧಿಯಷ್ಟೇ ಅಲ್ಲ, ಪಕ್ಕದ ಬೆಂಚಿನಲ್ಲಿ ತನ್ನಂಥವನೇ ಕುಳಿತಿದ್ದಾನೆಂಬ ಧೈರ್ಯ ಕೊಟ್ಟ ಕಾಲೇಜು ಎಂಬುದನ್ನು ನೆನೆದಾಗ ಈ ಕೊರತೆಯ ಆಳ ತಿಳಿಯುತ್ತದೆ.

2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಜಿಲ್ಲೆಯದು ಶೇ 67.15, ಹೆಣ್ಣುಮಕ್ಕಳಲ್ಲಿ ಶೇ 56.72 ಮಾತ್ರ. ಹೀಗಿದ್ದ ಜಿಲ್ಲೆಯಲ್ಲಿ 2003ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು ಸಣ್ಣ ಸಂಗತಿಯಲ್ಲ. ತೊರವಿಯ ಜ್ಞಾನಶಕ್ತಿ ಆವರಣದಲ್ಲಿರುವ ಅದು 2017ರಿಂದ ಅಕ್ಕಮಹಾದೇವಿಯ ಹೆಸರು ಹೊತ್ತಿದೆ. ತಿಕೋಟಾ ನಗರದ ಪಶ್ಚಿಮಕ್ಕಿದೆ, ಬಬಲೇಶ್ವರ ಜಮಖಂಡಿಯ ದಾರಿಯಲ್ಲಿದೆ. ಎರಡೂ ಈಗ ತಾಲ್ಲೂಕು ಕೇಂದ್ರಗಳು. ಸ್ನಾತಕೋತ್ತರ ಓದಿಗೆ ಅಲ್ಲಿನ ಹುಡುಗಿ ಧಾರವಾಡಕ್ಕೇ ಹೋಗಬೇಕಿದ್ದ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಓದು ಬಿ.ಎ.ಗೆ ನಿಂತು ಮದುವೆಯ ಮಾತು ಬರುತ್ತಿತ್ತು. ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದಾದ ದೂರದಲ್ಲಿ ವಿಶ್ವವಿದ್ಯಾಲಯ ಬಂದದ್ದು, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಆ ಬಸ್ಸಿನ ಟಿಕೆಟ್ಟಿಗೂ ದುಡ್ಡು ಬೇಡವಾದದ್ದು, ಯಾವ ಮೀಸಲಾತಿಗೂ ಕಡಿಮೆಯಲ್ಲದ ಸಮಾನತೆಯ ಕ್ರಮಗಳು.

ಆ ಬಸ್ಸು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ್ದು. ಆದರೆ ಸಂವಿಧಾನದ 371ಜೆ ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ವಿದ್ಯಾರ್ಥಿಗಳಿಗೆ ಸಿಗುವ ಪ್ರಾದೇಶಿಕ ಮೀಸಲಾತಿ ವಿಜಯಪುರದವರಿಗೆ ಇಲ್ಲ, ಏಕೆಂದರೆ ಆ ವಿಧಿ ಹಳೆಯ ಹೈದರಾಬಾದ್ ಸಂಸ್ಥಾನದ ಸೀಮೆಗೂ ಬಳ್ಳಾರಿ ಭಾಗಕ್ಕೂ ಸೀಮಿತವಾಗಿದೆ, ವಿಜಯಪುರ ಮುಂಬಯಿ ಪ್ರಾಂತದ್ದು. ಭೀಮಾ ನದಿಯ ಆಚೆ ದಂಡೆಯ ಅಫಜಲಪುರದ ವಿದ್ಯಾರ್ಥಿಗೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟಿನಲ್ಲಿ ಪ್ರತ್ಯೇಕ ಪಾಲಿದೆ. ಈಚೆ ದಂಡೆಯ ಇಂಡಿಯವನಿಗೆ, ಅದೇ ಬರ, ಅದೇ ತೊಗರಿ, ಅದೇ ಗುಳೆ ಇದ್ದರೂ, ಅದಿಲ್ಲ. ಪ್ರದೇಶದ ಹಿಂದುಳಿಯುವಿಕೆಯನ್ನು ಗಡಿ ಹಾಕಿ ಅಳೆದಾಗ ಇಂಥ ಅನ್ಯಾಯ ನುಸುಳುತ್ತದೆ. ಸಾಮಾನ್ಯ ಪ್ರವೇಶ ಪರೀಕ್ಷೆಯ ಸೀಟುಗಳಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಒಳಮೀಸಲು ಇರುವುದು ತಿಕೋಟಾ, ಬಬಲೇಶ್ವರದ ಮಕ್ಕಳಿಗೆ ಅಷ್ಟರಮಟ್ಟಿಗೆ ನೆರವು. ಸಮಾಜಶಾಸ್ತ್ರಜ್ಞ ಸತೀಶ್ ದೇಶಪಾಂಡೆ ಮತ್ತು ಯೋಗೇಂದ್ರ ಯಾದವ್ 2006ರಲ್ಲಿ, ಜಾತಿಯ ಜೊತೆಗೆ ಲಿಂಗ, ಊರು, ಪ್ರದೇಶ, ಮನೆಯ ಹಿನ್ನೆಲೆಗಳಿಗೂ ಅಂಕ ಕೊಟ್ಟು ಪ್ರವೇಶ ನಿರ್ಧರಿಸುವ ಮಾದರಿಯೊಂದನ್ನು ಮುಂದಿಟ್ಟಿದ್ದರು. ಥೋರಟ್ ಅವರ ಒತ್ತು ಬೇರೆಡೆ ಇದೆ: ಬಡತನಕ್ಕೆ ನೆರವು ಬೇಕು, ಆದರೆ ಹಣ ಬಂದ ಮೇಲೂ ಜಾತಿಯ ತಾರತಮ್ಯ ಉಳಿಯುವುದರಿಂದ ಜಾತಿಯಾಧಾರಿತ ರಕ್ಷಣೆಗೆ ಆರ್ಥಿಕ ಮಾನದಂಡ ಬದಲಿಯಾಗದು. ಅರ್ಜಿಗಳ ಪ್ರಯೋಗದ ನಂತರ ಈ ವಾದವನ್ನು ಅಲ್ಲಗಳೆಯುವುದು ಕಷ್ಟ. ಅದೇ ಹೊತ್ತಿಗೆ, ಭೀಮೆಯ ಎರಡು ದಂಡೆಗಳ ವ್ಯತ್ಯಾಸ ನೋಡಿದವರಿಗೆ ದೇಶಪಾಂಡೆ, ಯಾದವರ ಮಾದರಿಯೂ ಬೇಕೆನಿಸುತ್ತದೆ.

ಏತ ನೀರಾವರಿಯ ನೀರು ಬಂದ ಮೇಲೆ, ದ್ರಾಕ್ಷಿ ಮತ್ತು ಒಣದ್ರಾಕ್ಷಿಗೆ ಹೆಸರಾದ ತಿಕೋಟಾ, ಬಬಲೇಶ್ವರದ ಹೊಲಗಳ ಬಣ್ಣ ಬದಲಾಗಿದೆ. ಹೊಲವಿದ್ದ ಮನೆಯ ಮಗ ಈಗ ನೀಟ್ ತರಬೇತಿಗೆ ದೂರದ ಊರಿಗೆ ಹೋಗಬಲ್ಲ. ಅದೇ ತೋಟದಲ್ಲಿ ಕೂಲಿಗೆ ಬರುವ ತಾಂಡಾದ ಅಥವಾ ದಲಿತ ಓಣಿಯ ಮನೆಗೆ ನೀರಿನಿಂದ ಸಿಕ್ಕಿದ್ದು ಹೆಚ್ಚೆಂದರೆ ಇನ್ನಷ್ಟು ದಿನದ ಪಗಾರ. ಆ ಮನೆಯ ಹುಡುಗಿ ಪದವಿಗೆ ಸೇರಿದಾಗ ಮೊದಲು ಎದುರಾಗುವುದು ಕಾಗದಪತ್ರಗಳು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ ಪಡೆದು, ಅವುಗಳ ಮೇಲಿನ ಆರ್‌ಡಿ ಸಂಖ್ಯೆಯನ್ನು ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ತುಂಬಬೇಕು. ಆ ಪ್ರಮಾಣಪತ್ರದ ಹೆಸರು, ಆಧಾರ್‌ನ ಹೆಸರು, ಅಂಕಪಟ್ಟಿಯ ಹೆಸರು ಅಕ್ಷರಶಃ ಹೊಂದಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ತಂದೆಯ ಹೆಸರಿನ ಒಂದು ಅಕ್ಷರ ತಪ್ಪಿದರೆ ಅರ್ಜಿ ನಿಲ್ಲುತ್ತದೆ, ತಿದ್ದಿಸಲು ಮತ್ತೆ ಕಚೇರಿಗೆ ಅಲೆಯಬೇಕು, ಒಂದು ದಿನದ ಕೂಲಿ ಬಿಡಬೇಕು. ಹಣ ಬರುವಷ್ಟರಲ್ಲಿ ಕಾಲೇಜಿನ ಶುಲ್ಕದ ಗಡುವು ಮುಗಿದಿರುವುದುಂಟು. 1944ರಲ್ಲಿ, ಅಂಬೇಡ್ಕರ್ ವೈಸರಾಯರ ಕಾರ್ಯಕಾರಿ ಮಂಡಲಿಯಲ್ಲಿದ್ದಾಗ, ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಎಷ್ಟೋ ತಲೆಮಾರುಗಳನ್ನು ಓದಿಸಿದೆ. ಅದನ್ನು ವೇಳೆಗೆ ತಲುಪಿಸುವುದು ಕೃಪೆಯಲ್ಲ, ಹಕ್ಕಿನ ಒಂದು ಭಾಗ.

ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಆಧಾರದ ಮೇಲೆ ಸರ್ಕಾರ 2024ರ ಮೇನಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದನ್ನು ಇದೇ ಬೆಳಕಿನಲ್ಲಿ ನೋಡಬೇಕು. ನಾಲ್ಕು ವರ್ಷದ ವ್ಯವಸ್ಥೆಯಲ್ಲಿ ಮೊದಲ ವರ್ಷಕ್ಕೆ ಸರ್ಟಿಫಿಕೇಟ್, ಎರಡನೆಯದಕ್ಕೆ ಡಿಪ್ಲೊಮಾ ಪಡೆದು ಹೊರಹೋಗುವ ಬಾಗಿಲುಗಳಿದ್ದವು. ಓದು ಬಿಡುವವರಿಗೂ ಕೈಯಲ್ಲೊಂದು ಪ್ರಮಾಣಪತ್ರವಿರಲಿ ಎಂಬುದು ಅದರ ಪರವಾದ ವಾದ; ಆದರೆ ಆ ಬಾಗಿಲಿನಿಂದ ಹೋಗುವವರು ಮನೆಯ ಕಷ್ಟಕ್ಕೆ ಮೊದಲು ಬಾಗುವವರೇ, ಅಂದರೆ ಹೆಣ್ಣುಮಕ್ಕಳು, ಕೂಲಿಯವರ ಮಕ್ಕಳು, ಮತ್ತು ಆ ಪ್ರಮಾಣಪತ್ರದ ಬಲದ ಮೇಲೆ ತಿಕೋಟಾದಲ್ಲಾಗಲಿ ವಿಜಯಪುರದಲ್ಲಾಗಲಿ ಸಿಗುವ ಕೆಲಸ ಯಾವುದೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಬಿಡುವುದನ್ನು ಸುಲಭ ಮಾಡುವುದಕ್ಕಿಂತ ಮುಗಿಸುವುದನ್ನು ಸುಲಭ ಮಾಡುವುದೇ ಸರಿಯಾದ ನೀತಿ. ಐದನೆಯ ತರಗತಿಯವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲೇ ಬೋಧನೆ ಇರಬೇಕೆಂಬ ಆಯೋಗದ ಶಿಫಾರಸಿನ ಬಗ್ಗೆ ಹೆಚ್ಚು ಚರ್ಚೆ ನಡೆಯಿತು; ಕನ್ನಡದಲ್ಲಿ ಓದಿ ಬಂದವರಿಗೆ ಪದವಿಯ ಮೊದಲ ವರ್ಷದಲ್ಲಿ ಇಂಗ್ಲಿಷಿನ ಸೇತುಪಾಠ ಎಷ್ಟು ಗಟ್ಟಿಯಾಗಿರಬೇಕೆಂಬುದು ಅಷ್ಟೇ ಮುಖ್ಯವಾದ ವಿಷಯ, ಅದರ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ.

ಸರ್ಕಾರಿ ವೈದ್ಯಕೀಯ ಕಾಲೇಜಿಗಾಗಿ ವಿಜಯಪುರದಲ್ಲಿ 2025ರಲ್ಲಿ ನಡೆದ ಹೋರಾಟವೂ ಈ ಚರ್ಚೆಗೇ ಸೇರಬೇಕು. ಜಿಲ್ಲೆಯಲ್ಲಿ 1980ರ ದಶಕದಿಂದ ಎರಡು ಖಾಸಗಿ ವೈದ್ಯಕೀಯ ಕಾಲೇಜುಗಳಿವೆ, ಸರ್ಕಾರಿ ಕಾಲೇಜಿಲ್ಲ. ಅದನ್ನು ಖಾಸಗಿ ಸಹಭಾಗಿತ್ವದಲ್ಲಿ ಕಟ್ಟುವುದು ಬೇಡ, ಪೂರ್ತಿಯಾಗಿ ಸರ್ಕಾರವೇ ಕಟ್ಟಲಿ ಎಂದು ಜನ ಪಟ್ಟು ಹಿಡಿದು ಕುಳಿತರು. ಮೀಸಲು ಸೀಟು ಸಿಕ್ಕೂ ಶುಲ್ಕ ಕಟ್ಟಲಾಗದವನಿಗೆ ಆ ಸೀಟು ಸಿಗದಿದ್ದಂತೆಯೇ ಎಂಬ ಸರಳ ತಿಳಿವಳಿಕೆ ಆ ಹಟದ ಹಿಂದಿತ್ತು.

ಪರಿಶಿಷ್ಟ ಜಾತಿಗಳ ಒಳಗಿನ ಹಂಚಿಕೆ ಸದ್ಯದ ಇನ್ನೊಂದು ದೊಡ್ಡ ವಿಷಯ. ಒಳಮೀಸಲಾತಿ ನೀಡುವ ಅಧಿಕಾರ ರಾಜ್ಯಗಳಿಗಿದೆ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್ 1ರಂದು ಹೇಳಿದ ಮೇಲೆ, ಕರ್ನಾಟಕದ ಸಚಿವ ಸಂಪುಟ 2025ರ ಆಗಸ್ಟ್‌ನಲ್ಲಿ ಶೇ 17ರ ಪಾಲನ್ನು ಎಡಗೈ ಸಮುದಾಯಗಳಿಗೆ 6, ಬಲಗೈ ಸಮುದಾಯಗಳಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚ ಹಾಗೂ ಅಲೆಮಾರಿ ಸಮುದಾಯಗಳಿಗೆ ಒಟ್ಟಾಗಿ 5 ಎಂದು ವಿಂಗಡಿಸಲು ನಿರ್ಧರಿಸಿತು. ಐದರಲ್ಲಿ ಒಂದು ಪಾಲಿನಷ್ಟು ಜನ ಪರಿಶಿಷ್ಟ ಜಾತಿಗೆ ಸೇರಿದ, ತಾಂಡಾಗಳೂ ಕೇರಿಗಳೂ ದೊಡ್ಡ ಸಂಖ್ಯೆಯಲ್ಲಿರುವ ವಿಜಯಪುರ ಜಿಲ್ಲೆಯಲ್ಲಿ ಈ ನಿರ್ಧಾರ ಮನೆಮನೆಯ ಮಾತಾಗಿದೆ. ಆದರೆ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆ ಪರಿಶಿಷ್ಟ ಜಾತಿಯನ್ನು ಒಂದೇ ಕಲಮಿನಲ್ಲಿ ಎಣಿಸುತ್ತದೆ. ಮಾದಿಗರ ಎಷ್ಟು ಹೆಣ್ಣುಮಕ್ಕಳು ಬಿ.ಎಸ್ಸಿ. ಮುಗಿಸಿದರು, ತಾಂಡಾದ ಎಷ್ಟು ಹುಡುಗರು ಎರಡನೆಯ ವರ್ಷದಲ್ಲಿ ಗುಳೆ ಹೋದರು ಎಂಬುದು ಅದರಿಂದ ತಿಳಿಯದು. ಆ ವಿವರ ಇರುವುದು ಕಾಲೇಜುಗಳ ಪ್ರವೇಶ ವಹಿಯಲ್ಲಿ, ಜಾತಿ ಪ್ರಮಾಣಪತ್ರದ ನಕಲಿನ ಜೊತೆಗೆ. ತಿಕೋಟಾ, ಬಬಲೇಶ್ವರ, ವಿಜಯಪುರದ ಕಾಲೇಜುಗಳ ಹತ್ತು ವರ್ಷದ ವಹಿಗಳನ್ನು ಫಲಿತಾಂಶದ ಪಟ್ಟಿಗಳೊಡನೆ ಇಟ್ಟು, ಹೆಸರುಗಳನ್ನು ಗುಟ್ಟಾಗಿರಿಸಿ ಲೆಕ್ಕ ಹಾಕುವುದು ತೊರವಿಯ ವಿಶ್ವವಿದ್ಯಾಲಯದ ಒಂದು ಸಂಶೋಧನಾ ತಂಡಕ್ಕೆ ಎಟುಕದ ಕೆಲಸವಲ್ಲ, ಮತ್ತು ಹೊಸ ಹಂಚಿಕೆಯ ಮೊದಲ ತಂಡಗಳು ಕಾಲೇಜು ಸೇರುವ ಹೊತ್ತಿನಲ್ಲೇ ಆ ಕೆಲಸ ಕೈಗೆತ್ತಿಕೊಂಡರೆ ಮುಂದಿನ ಬದಲಾವಣೆಯನ್ನು ಹೋಲಿಸಿ ನೋಡಲು ಒಂದು ಆಧಾರರೇಖೆ ಸಿಗುತ್ತದೆ.